ಮೊಬೈಲಿಗೂ ಬೇಕಾ ಆಂಟಿವೈರಸ್ಸು?

ಊರಿನವರ ಪಾಲಿಗೆ ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಮೊಬೈಲ್ ರಿಪೇರಿ ಮಾಡುವವನು. ನಾನು ಆಫೀಸಿನಲ್ಲಿ ಕೂತು ಬರೆಯುವುದು ಯಾವುದೋ ದೇಶದ ಯಾವುದೋ ಕಂಪನಿಯ ಲೆಕ್ಕಪತ್ರದ ತಂತ್ರಾಂಶ, ಅದಕ್ಕೂ ಮೊಬೈಲಿಗೂ ಸಂಬಂಧವೇ ಇಲ್ಲ ಅಂತ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಮದುವೆ, ನಾಮಕರಣ, ತಿಥಿ... ಎಲ್ಲಿಗೆ ಹೋದರೂ ಎಲೆ ಮುಂದೆ ಕೂತ ಕೂಡಲೇ ಪಕ್ಕದವರು ಜೇಬಿನಿಂದ ಫೋನ್ ತೆಗೀತಾರೆ. "ಒಸಿ ನೋಡಪ್ಪ, ಸ್ಲೋ ಆಗ್ಬುಟ್ಟದೆ." ಅದಾದ ಮೇಲೆ ಬರುವ ಪ್ರಶ್ನೆಯೂ ಗೊತ್ತಿದ್ದದ್ದೇ. "ಇದ್ಕೆ ಒಂದು ಆಂಟಿವೈರಸ್ ಹಾಕ್ಸಿಬುಟ್ರೆ ಹೆಂಗೆ?"

ಹೋದ ವಾರ ಇದೇ ಪ್ರಶ್ನೆಯನ್ನು ಬ್ಲಾಗಿಗ ಮಿತ್ರರೊಬ್ಬರು ಮಿಂಚೆಯಲ್ಲಿ ಕೇಳಿದರು. ಅವರಿಗೆ ಎರಡೇ ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಈ ವಿಷಯದಲ್ಲಿ ನನ್ನ ಹೊಟ್ಟೆಯೊಳಗೆ ಬಹಳ ದಿನದಿಂದ ಒಂದು ಸಿಟ್ಟು ಕೂತಿದೆ. ಹಾಗಾಗಿ ಸ್ವಲ್ಪ ಉದ್ದವೇ ಆಗಲಿ ಅಂತ ಇಲ್ಲಿ ಬರೀತಿದ್ದೇನೆ. ಬೋರ್ ಆದರೆ ಬೈದುಕೊಳ್ಳಬೇಡಿ :)

ಮೊದಲೇ ಹೇಳಿಬಿಡುತ್ತೇನೆ. ನನ್ನ ಉತ್ತರ: ಬೇಡ. ದುಡ್ಡು ಕೊಟ್ಟೂ ಬೇಡ, ಬಿಟ್ಟಿ ಸಿಕ್ಕರೂ ಬೇಡ. ವೈರಸ್ಸೆಲ್ಲ ಸುಳ್ಳು, ಕಳ್ಳರೇ ಇಲ್ಲ ಅಂತ ಇದರ ಅರ್ಥ ಅಲ್ಲ. ಕಳ್ಳರು ಇದ್ದಾರೆ, ಬೇಕಾದಷ್ಟು ಇದ್ದಾರೆ. ಆದರೆ ಅವರು ಬರುತ್ತಿರುವ ಬಾಗಿಲು ಒಂದು, ನಾವು ಬೀಗ ಹಾಕುತ್ತಿರುವ ಬಾಗಿಲು ಇನ್ನೊಂದು.

ಈ 'ಆಂಟಿವೈರಸ್ ಹಾಕಿಸಬೇಕು' ಅನ್ನೋ ಭಯ ನಮಗೆ ಎಲ್ಲಿಂದ ಬಂತು? ಕಂಪ್ಯೂಟರಿನಿಂದ. ನನ್ನ ವಯಸ್ಸಿನವರು ಇಂಜಿನಿಯರಿಂಗ್ ಓದಿದ್ದು ಪೆನ್ ಡ್ರೈವ್ ಹಿಡಿದುಕೊಂಡೇ. ಲ್ಯಾಬ್ ರೆಕಾರ್ಡ್, ಹಳೇ ಪ್ರಶ್ನೆಪತ್ರಿಕೆ, ಸಿನಿಮಾ ಎಲ್ಲವೂ ಅದರಲ್ಲೇ. ಕಾಲೇಜಿನ ಕಂಪ್ಯೂಟರಿಗೆ ಒಮ್ಮೆ ಚುಚ್ಚಿ ತೆಗೆದರೆ ಸಾಕು, ಒಳಗಿದ್ದ ಫೋಲ್ಡರೆಲ್ಲ ಮಾಯವಾಗಿ ಅದರ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು ಕೂತಿರುತ್ತಿದ್ದವು. ಶಾರ್ಟ್‌ಕಟ್ ವೈರಸ್ ಅಂತಲೇ ಅದಕ್ಕೆ ಹೆಸರಿಟ್ಟಿದ್ದೆವು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಂತೂ ವೈರಸ್ಸುಗಳ ಧರ್ಮಛತ್ರ! ಅಂಥ ಜಾಗದಲ್ಲಿ ಆಂಟಿವೈರಸ್ ಬೇಕಿತ್ತು, ನಿಜ. ಯಾಕೆಂದರೆ ಹಳೆಯ ವಿಂಡೋಸ್ ಇದ್ದದ್ದೇ ಛತ್ರದ ಹಾಗೆ. ದೊಡ್ಡ ಹಜಾರ, ಎಲ್ಲರೂ ಒಟ್ಟಿಗೆ ಮಲಗುವುದು. ಒಬ್ಬ ಕಳ್ಳ ಒಳಗೆ ಬಂದರೆ ಎಲ್ಲರ ಗಂಟುಮೂಟೆಗೂ ಕೈ ಹಾಕಬಹುದು. ಹಾಗೇ ಕಾವಲುಗಾರನೊಬ್ಬನನ್ನು ಇಟ್ಟುಕೊಂಡರೆ ಅವನೂ ಎಲ್ಲರ ಚೀಲ ಬಿಚ್ಚಿಸಿ ನೋಡಬಹುದು.

ಆಂಡ್ರಾಯ್ಡ್ ಕಟ್ಟಿರುವುದು ಹಾಗಲ್ಲ. ಅದು ಬೆಟ್ಟದ ಮೇಲೆ ಯಾತ್ರಿಕರಿಗೆ ಕೊಡುವ ಕೊಠಡಿಗಳ ಹಾಗೆ. ಒಂದೊಂದು ಆ್ಯಪ್‌ಗೂ ಒಂದೊಂದು ಕೋಣೆ, ಒಂದೊಂದು ಬೀಗ. ಒಳಗಿರುವ ಲಿನಕ್ಸ್ ಪ್ರತಿ ಆ್ಯಪ್‌ಅನ್ನೂ ಬೇರೆ ಬೇರೆ ಬಳಕೆದಾರ ಅಂತಲೇ ಎಣಿಸುತ್ತದೆ, ಒಬ್ಬರ ಕಡತ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಸ್ವಾರಸ್ಯ ಇರುವುದು ಇಲ್ಲೇ. ನೀವು ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳುವ ಆಂಟಿವೈರಸ್ ಇದೆಯಲ್ಲ, ಅದೂ ಇನ್ನೊಂದು ಆ್ಯಪ್ ಅಷ್ಟೇ! ಅದಕ್ಕೂ ಒಂದು ಕೋಣೆ, ಅದೂ ಒಬ್ಬ ಬಾಡಿಗೆಯವನು. ಮುಂಬಾಗಿಲಲ್ಲಿ ಇಟ್ಟಿರುವ ರಿಜಿಸ್ಟರ್ ನೋಡಿ ಯಾರು ಯಾರು ಬಂದಿದ್ದಾರೆ ಅಂತ ಓದಬಹುದು, ಅವರು ಹೊತ್ತು ತಂದ ಪೆಟ್ಟಿಗೆಯನ್ನು ತನ್ನ ಹತ್ತಿರ ಇರುವ ಕಳ್ಳರ ಪಟ್ಟಿಯ ಜೊತೆ ತಾಳೆ ನೋಡಬಹುದು. ಆದರೆ ಪಕ್ಕದ ಕೋಣೆಯ ಬೀಗ ತೆಗೆದು ಒಳಗೆ ಏನು ನಡೀತಿದೆ ಅಂತ ನೋಡುವ ಅಧಿಕಾರ ಅದಕ್ಕಿಲ್ಲ. ಕಂಪ್ಯೂಟರಿನಲ್ಲಿ ಲಾಠಿ ಹಿಡಿದು ಓಡಾಡುತ್ತಿದ್ದ ಪೊಲೀಸಪ್ಪ ಇಲ್ಲಿ ಸಾಮಾನ್ಯ ಗಿರಾಕಿ.

(ಐಫೋನಿನಲ್ಲಿ ಇಷ್ಟೂ ಇಲ್ಲ. ಅಲ್ಲಿ ಒಂದು ಆ್ಯಪ್ ಇನ್ನೊಂದನ್ನು ಸ್ಕ್ಯಾನ್ ಮಾಡುವುದಕ್ಕೇ ಬಿಡುವುದಿಲ್ಲ. ಐಫೋನ್ ಆಂಟಿವೈರಸ್ ಅಂತ ಯಾರಾದರೂ ಮಾರಿದರೆ ಆ ಡಬ್ಬದಲ್ಲಿರುವುದು ಬೇರೆ ಏನೋ.)

ಹಾಗಾದರೆ ಕಳ್ಳ ಬರುವುದು ಹೇಗೆ? ನಾವೇ ಬಾಗಿಲು ತೆಗೆದು ಕರೆದುಕೊಳ್ಳುತ್ತೇವೆ. ಇದು ಇವತ್ತಿನ ಕಥೆಯೂ ಅಲ್ಲ. ಮೊಬೈಲಿನ ಮೊದಲ ಹುಳು ಅಂತ ಹೆಸರಾದ ಕ್ಯಾಬಿರ್ ಕಾಣಿಸಿಕೊಂಡಿದ್ದು 2004ರ ಜೂನ್‌ನಲ್ಲಿ, ನೋಕಿಯಾ ಸಿಂಬಿಯನ್ ಫೋನುಗಳ ಕಾಲದಲ್ಲಿ. ಬ್ಲೂಟೂತ್ ಮೂಲಕ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಆದರೆ ಸುಮ್ಮನೆ ಹಾರುತ್ತಿರಲಿಲ್ಲ. 'ಒಂದು ಫೈಲ್ ಬಂದಿದೆ, ತೆಗೆದುಕೊಳ್ಳಲಾ?' ಅಂತ ಫೋನು ಕೇಳುತ್ತಿತ್ತು, ಆಮೇಲೆ 'ಇನ್‌ಸ್ಟಾಲ್ ಮಾಡಲಾ?' ಅಂತ ಇನ್ನೊಮ್ಮೆ ಕೇಳುತ್ತಿತ್ತು. ಜನ ಎಸ್ ಒತ್ತಿದರು. ಬೇಡ ಅಂದವರಿಗೂ, ಆ ಫೋನು ಹತ್ತಿರದಲ್ಲಿ ಇರುವ ತನಕ ಮತ್ತೆ ಮತ್ತೆ ಕೇಳುತ್ತಲೇ ಇತ್ತು, ಕೊನೆಗೆ ಬೇಸತ್ತು ಎಸ್ ಒತ್ತಿದರು. ಆರು ವರ್ಷದ ಮೇಲೆ, 2010ರ ಆಗಸ್ಟ್‌ನಲ್ಲಿ, ಆಂಡ್ರಾಯ್ಡಿನ ಮೊದಲ ಎಸ್ಸೆಮ್ಮೆಸ್ ಕಳ್ಳ ಫೇಕ್‌ಪ್ಲೇಯರ್ ಬಂತು. ಅದು ವಿಡಿಯೋ ನೋಡುವ ಆ್ಯಪ್ ಅಂತ ವೇಷ ಹಾಕಿಕೊಂಡು ಬಂದು ದುಬಾರಿ ನಂಬರುಗಳಿಗೆ ಕದ್ದು ಮೆಸೇಜ್ ಕಳಿಸುತ್ತಿತ್ತು. ಅದನ್ನೂ ಜನರೇ ಕೈಯಾರೆ ಹಾಕಿಕೊಂಡಿದ್ದು.

ಇಂಥವಕ್ಕೆ ಟ್ರೋಜನ್ ಅಂತ ಹೆಸರು. ಗ್ರೀಕರ ಮರದ ಕುದುರೆ ಕಥೆ ಎಲ್ಲರೂ ಓದಿರುತ್ತೀರಿ. ಆದರೆ ನಮ್ಮ ಕಡೆಯವರಿಗೆ ಟ್ರೋಜನ್ ಅಂದರೇನು ಅಂತ ವಿವರಿಸಲು ನಾನು ಗ್ರೀಸಿಗೆ ಹೋಗುವುದಿಲ್ಲ. ನಮ್ಮ ದೊಡ್ಡಪ್ಪನ ಊರು ಗೋಪಿನಾಥಂ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದಪ್ಪನ ಬೆಟ್ಟ ಹತ್ತಿ ಇಳಿದು, ಪಾಲಾರ್ ಹತ್ತಿರ ತಿರುಗಿ ಕಾಡೊಳಗೆ ಹೋದರೆ ಸಿಗುತ್ತದೆ. ಮುಂದೆ ಹೊಗೇನಕಲ್ಲು, ಆಚೆ ತಮಿಳುನಾಡು. ಈ ಊರಿನ ಹೆಸರು ಹೇಳಿದ ಕೂಡಲೇ ಎಲ್ಲರೂ ವೀರಪ್ಪನ್ ಅಂತಾರೆ, ಊರಿನವರಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. (ಅವರಿಗೆ ಹೇಳಿಕೊಳ್ಳುವುದಕ್ಕೆ ಬೇರೆ ಹೆಸರಿದೆ. 1991ರ ನವೆಂಬರಿನಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಊರಿನ ಮಾರಿಯಮ್ಮನ ಗುಡಿ ಅವರು ಕಟ್ಟಿಸಿಕೊಟ್ಟಿದ್ದು.) ಆದರೂ ಟ್ರೋಜನ್ ವಿವರಿಸುವಾಗ ಆ ಹೆಸರು ತರದೇ ವಿಧಿಯಿಲ್ಲ. ವರ್ಷಗಟ್ಟಲೆ ಎರಡು ರಾಜ್ಯಗಳ ಪೊಲೀಸರು ಕಾಡು ಜಾಲಾಡಿದರೂ ಸಿಗದವನು 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಕಡೆಯ ಪಾಪ್ಪಾರಪಟ್ಟಿ ಹತ್ತಿರ ಸತ್ತದ್ದು ಹೇಗೆ? ತಮಿಳುನಾಡು ಪೊಲೀಸರು ಹೇಳಿದ ಪ್ರಕಾರ, ಅವನೇ ನಂಬಿ ಹತ್ತಿ ಕೂತ ಆಂಬುಲೆನ್ಸು ಪೊಲೀಸರದ್ದಾಗಿತ್ತು. ಡ್ರೈವರೂ ಪೊಲೀಸನೇ. ಕಾಡಿನ ಒಂದೊಂದು ಕಾಲುದಾರಿ ಗೊತ್ತಿದ್ದವನಿಗೆ ಕಣ್ಣು ತೋರಿಸಿಕೊಳ್ಳಲು ಗಾಡಿ ಬೇಕಿತ್ತು, ಬೇಕಾದ ಗಾಡಿಯ ವೇಷದಲ್ಲೇ ಬಲೆ ಬಂತು. ಇಷ್ಟು ಹೇಳಿದರೆ ಗೋಪಿನಾಥಂನಲ್ಲಿ ಮುದುಕರಿಗೂ ಟ್ರೋಜನ್ ಅರ್ಥವಾಗುತ್ತದೆ. ಇಲ್ಲಿ ಬಲೆ ಹಾಕಿದವರು ಪೊಲೀಸರು, ಫೋನಿನಲ್ಲಿ ಹಾಕುವವರು ಕಳ್ಳರು. ಅಷ್ಟೇ ವ್ಯತ್ಯಾಸ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ದೊಡ್ಡಪ್ಪನ ಪಕ್ಕದ ಮನೆಯವರು (ಹೆಸರು ಬೇಡ) ವ್ಯವಸಾಯಗಾರರು. ಒಂದಿಷ್ಟು ರಾಗಿ, ಒಂದಿಷ್ಟು ಮುಸುಕಿನ ಜೋಳ, ಆನೆ ತಿಂದು ಉಳಿಸಿದ್ದು ಇವರ ಪಾಲಿಗೆ. ಮನೆಮಾತು ತಮಿಳು, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಫೋನ್ ಕೊಂಡಾಗ ಅಂಗಡಿಯವನು ಗ್ಲಾಸು, ಕವರು, ಅದರ ಜೊತೆಗೆ ಆಂಟಿವೈರಸ್ ಅಂತ ಐನೂರು ರೂಪಾಯಿ ಇಸಿದುಕೊಂಡಿದ್ದ. ನಮ್ಮ ದೊಡ್ಡಪ್ಪನದ್ದೂ ಅದೇ ಅಂಗಡಿ, ಅದೇ ಐನೂರು. ಒಂದು ದಿನ ವಾಟ್ಸಾಪ್ ಗುಂಪಿನಲ್ಲಿ ಗೊತ್ತಿರುವವರ ನಂಬರಿನಿಂದಲೇ ಪಿಎಂ ಕಿಸಾನ್ ಅಂತ ಹೆಸರಿರುವ ಒಂದು ಎಪಿಕೆ ಫೈಲ್ ಬಂತು. ವರ್ಷಕ್ಕೆ ಆರು ಸಾವಿರ, ಮೂರು ಕಂತು, 2019ರಿಂದ ಬರುತ್ತಿರುವ ದುಡ್ಡು. ಇವರಿಗೆ ಒಂದು ಕಂತು ನಿಂತು ಹೋಗಿತ್ತು. ಕೆವೈಸಿ ಮಾಡಿಸಿ ಅಂತ ಅಧಿಕಾರಿಗಳೂ ಹೇಳಿದ್ದರು. ಬೇಕಾದ ಗಾಡಿಯ ವೇಷದಲ್ಲೇ ಬಂತು ನೋಡಿ.

ಒತ್ತಿದರು. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು, ಸರಿ ಅಂದರು. ಮತ್ತೇನೋ ಕೇಳಿತು, ಅದಕ್ಕೂ ಸರಿ. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು ಅಂತ ಕಾಣುತ್ತದೆ, ಕೊಟ್ಟರು. ಆಮೇಲೆ ಒಂದು ಫಾರಂ ತೆರೆದುಕೊಂಡಿತು, ಸರ್ಕಾರದ ಲಾಂಛನ ಎಲ್ಲಾ ಇತ್ತು. ಆಧಾರ್ ನಂಬರು, ಎಟಿಎಂ ಕಾರ್ಡಿನ ನಂಬರು, ಪಿನ್ನು ಎಲ್ಲವನ್ನೂ ತುಂಬಿದರು. 'ಪರಿಶೀಲನೆ ನಡೆಯುತ್ತಿದೆ' ಅನ್ನುವ ಹಾಗೆ ಒಂದು ಚಕ್ರ ತಿರುಗಿ ನಿಂತಿತು. ಆ್ಯಪ್‌ನ ಚಿತ್ರವೂ ಪರದೆಯಿಂದ ಮಾಯ. ರಾತ್ರಿ ಎರಡು ಸಲ ದುಡ್ಡು ಹೋಯಿತು, ಒಟ್ಟು ಇಪ್ಪತ್ತೊಂದು ಸಾವಿರ. ಜೋಳ ಮಾರಿದ ದುಡ್ಡು. ಬ್ಯಾಂಕಿನಿಂದ ಬರಬೇಕಿದ್ದ ಮೆಸೇಜುಗಳು ಅವರ ಕಣ್ಣಿಗೆ ಬೀಳಲೇ ಇಲ್ಲ. ಓಟಿಪಿ ಓದಿದ ಕಳ್ಳನೇ ಅವನ್ನೂ ನುಂಗಿದ್ದ. ಗೊತ್ತಾಗಿದ್ದು ಎರಡು ದಿನದ ಮೇಲೆ, ಬಸ್ಸು ಹತ್ತಿ ಬ್ಯಾಂಕಿಗೆ ಹೋದಾಗ. ಇಂಥ ಸಂದರ್ಭದಲ್ಲಿ ಕೂಡಲೇ 1930ಕ್ಕೆ ಫೋನ್ ಮಾಡಿದರೆ ದುಡ್ಡು ಕಳ್ಳನ ಖಾತೆಯಿಂದ ಮುಂದೆ ಹೋಗದ ಹಾಗೆ ತಡೆಯುವ ಸಾಧ್ಯತೆ ಇರುತ್ತದೆ. ಆ ನಂಬರು ಅವರಿಗೆ ಯಾರೂ ಹೇಳಿರಲಿಲ್ಲ. ಐನೂರು ತಗೊಂಡವನೂ ಹೇಳಿರಲಿಲ್ಲ.

ನಾನು ಊರಿಗೆ ಹೋದಾಗ ಆ ಫೋನ್ ನನ್ನ ಕೈಗೆ ಕೊಟ್ಟು, "ತಂಬಿ, ಆಂಟಿವೈರಸ್ ಇತ್ತಲ್ಲಪ್ಪ, ಅದು ಯಾಕೆ ಹಿಡೀಲಿಲ್ಲ?" ಅಂದರು. ತೆರೆದು ನೋಡಿದೆ. ಹಸಿರು ಬಣ್ಣದ ದೊಡ್ಡ ಟಿಕ್ ಮಾರ್ಕು, ಕೆಳಗೆ 'ನಿಮ್ಮ ಫೋನ್ ಸುರಕ್ಷಿತವಾಗಿದೆ' ಅಂತ ಇಂಗ್ಲಿಷಿನಲ್ಲಿ. ಕಳ್ಳ ಆ್ಯಪ್ ಇನ್ನೂ ಪಕ್ಕದ ಕೋಣೆಯಲ್ಲೇ ಇತ್ತು, ಸೆಟ್ಟಿಂಗ್ಸಿನ ಪಟ್ಟಿಯಲ್ಲಿ ನನಗೆ ಕಾಣಿಸಿತು.

ಹಿಡಿಯದೇ ಇದ್ದದ್ದು ಯಾಕೆ ಅಂದರೆ, ಈ ಎಪಿಕೆಗಳನ್ನು ಕಳ್ಳರು ದಿನಕ್ಕೊಂದು ಸಲ ಹೆಸರು, ಸಹಿ ಬದಲಿಸಿ ಹೊಸದಾಗಿ ಕಟ್ಟುತ್ತಾರೆ. ಇವತ್ತು ಪಿಎಂ ಕಿಸಾನ್, ನಾಳೆ ಆರ್‌ಟಿಓ ಚಲನ್, ನಾಡಿದ್ದು ಮದುವೆ ಆಮಂತ್ರಣ. ಹಳೆಯ ಪಟ್ಟಿಯ ಜೊತೆ ತಾಳೆ ನೋಡುವವನಿಗೆ ಹೊಸ ಮುಖ ಗೊತ್ತಾಗುವುದಿಲ್ಲ. ಮೇಲಾಗಿ, ಆ ಆ್ಯಪ್ ಮಾಡಿದ ಕೆಲಸದಲ್ಲಿ ತಾಂತ್ರಿಕವಾಗಿ ಕಳ್ಳತನ ಅನ್ನಿಸುವಂಥದ್ದು ಏನಿದೆ? ಮೆಸೇಜ್ ಓದಲು ಅನುಮತಿ ಕೇಳಿತು, ಯಜಮಾನರು ಕೊಟ್ಟರು, ಓದಿತು. ಬೀಗ ಮುರಿದಿದ್ದರೆ ತಾನೇ ಸದ್ದು ಆಗುವುದು?

ಇದು ಹಳ್ಳಿಯವರ ಅಮಾಯಕತನ ಅಂತ ಯಾರಾದರೂ ಮೂಗು ಮುರಿಯುವ ಮೊದಲು ಬೆಂಗಳೂರಿನ ಕಥೆ ಕೇಳಿ. 2025ರ ಜನವರಿಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ವೈಟ್‌ಫೀಲ್ಡ್ ಕಡೆಯ ಒಬ್ಬರಿಗೆ ಬ್ಯಾಂಕಿನವರ ಹೆಸರಿನಲ್ಲಿ ಕರೆ ಬಂತು, ಕ್ರೆಡಿಟ್ ಕಾರ್ಡ್ ಮಂಜೂರಾಗಿದೆ ಅಂತ. ಅದಕ್ಕೆ ಹೊಸ ಸಿಮ್ ಬೇಕು ಅಂದರು, ಹಿಂದೆಯೇ ಉಡುಗೊರೆ ಅಂತ ಹೊಚ್ಚ ಹೊಸ ಸ್ಮಾರ್ಟ್‌ಫೋನ್ ಮನೆಗೇ ಬಂತು. ಅದರೊಳಗೆ ಕುತಂತ್ರಾಂಶ ಮೊದಲೇ ತುಂಬಿಸಿಟ್ಟಿದ್ದರು. ಸಿಮ್ ಹಾಕಿದ್ದೇ ತಡ, ಓಟಿಪಿಗಳೆಲ್ಲ ಕಳ್ಳರ ಕೈಗೆ. ಹೋದದ್ದು 2.8 ಕೋಟಿ. ಈ ಫೋನಿಗೆ ಯಾವ ಆಂಟಿವೈರಸ್ ಹಾಕುತ್ತೀರಿ ಹೇಳಿ!

ಇನ್ನು ಆಂಟಿವೈರಸ್‌ಗಳ ಜಾತಕವನ್ನೂ ಸ್ವಲ್ಪ ನೋಡೋಣ. 2014ರ ಏಪ್ರಿಲ್‌ನಲ್ಲಿ ಪ್ಲೇ ಸ್ಟೋರಿನಲ್ಲಿ ವೈರಸ್ ಶೀಲ್ಡ್ ಅಂತ ಒಂದು ಆ್ಯಪ್ ಬಂತು. ಬೆಲೆ ಹತ್ತಿರ ಹತ್ತಿರ ನಾಲ್ಕು ಡಾಲರ್. ಹತ್ತು ಸಾವಿರಕ್ಕೂ ಹೆಚ್ಚು ಜನ ಕೊಂಡರು, ದುಡ್ಡು ಕೊಡುವ ಆ್ಯಪ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಯಾರೋ ಬಿಚ್ಚಿ ನೋಡಿದರೆ ಅದು ಮಾಡುತ್ತಿದ್ದ ಕೆಲಸ ಒಂದೇ. ಮುಟ್ಟಿದರೆ ಇಂಟು ಗುರುತು ಟಿಕ್ ಗುರುತಾಗುತ್ತಿತ್ತು. ಅಷ್ಟೇ, ಬೇರೇನೂ ಇಲ್ಲ! ಗೂಗಲ್ ಅದನ್ನು ಕಿತ್ತುಹಾಕಿ ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟಿತು. ನಾನು ಈ ಸುದ್ದಿಯನ್ನು ಹತ್ತು ಸಲ ಓದಿ ಹತ್ತು ಸಲವೂ ನಕ್ಕಿದ್ದೇನೆ. ಆದರೆ ಪಕ್ಕದ ಮನೆಯವರ ಫೋನಿನಲ್ಲಿ ಆ ಹಸಿರು ಟಿಕ್ ನೋಡಿದ ಮೇಲೆ ನಗು ಬರಲಿಲ್ಲ.

ಅದೊಂದು ಬಿಡಿ ಪ್ರಕರಣ ಅನ್ನಬಹುದು. 2019ರಲ್ಲಿ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅನ್ನುವ ಪರೀಕ್ಷಾ ಸಂಸ್ಥೆ 250 ಆಂಡ್ರಾಯ್ಡ್ ಆಂಟಿವೈರಸ್‌ಗಳನ್ನು ಕೂರಿಸಿ 2000 ಕೆಟ್ಟ ಆ್ಯಪ್‌ಗಳನ್ನು ತೋರಿಸಿತು. ನೂರಕ್ಕೆ ಮೂವತ್ತನ್ನಾದರೂ ಹಿಡಿದವು 80 ಮಾತ್ರ. ನಮ್ಮ ಎಸ್ಸೆಸ್ಸೆಲ್ಸಿ ಪಾಸ್ ಮಾರ್ಕ್ಸಿಗಿಂತ ಕಡಿಮೆ ಇಟ್ಟರೂ 170 ಫೇಲು! ಕೆಲವು ಆ್ಯಪ್‌ಗಳಂತೂ ಸ್ಕ್ಯಾನ್ ಮಾಡುವ ಗೋಜಿಗೇ ಹೋಗದೆ, ಹೆಸರಾಂತ ಕಂಪನಿಗಳ ಹೆಸರಿನ ಪಟ್ಟಿ ಇಟ್ಟುಕೊಂಡು ಅದರಲ್ಲಿದ್ದವನ್ನು ಒಳ್ಳೆಯವು, ಉಳಿದದ್ದೆಲ್ಲ ಕೆಟ್ಟವು ಅನ್ನುತ್ತಿದ್ದವು. ಅದರಲ್ಲೂ ಕೆಲವರು ತಮ್ಮ ಹೆಸರನ್ನೇ ಪಟ್ಟಿಗೆ ಸೇರಿಸಲು ಮರೆತು, ಆಂಟಿವೈರಸ್ ತನ್ನನ್ನೇ ತಾನು ವೈರಸ್ ಅಂತ ಹಿಡಿದುಕೊಟ್ಟಿತ್ತು. ಒಂದು ಲೆಕ್ಕದಲ್ಲಿ ಅದೊಂದೇ ಸತ್ಯವಂತ ಆಂಟಿವೈರಸ್ :)

2022ರಲ್ಲಿ ಇನ್ನೂ ಮುಂದೆ ಹೋದರು. ಶಾರ್ಕ್‌ಬಾಟ್ ಅನ್ನುವ ಬ್ಯಾಂಕ್ ಕಳ್ಳ ಪ್ಲೇ ಸ್ಟೋರಿನೊಳಗೇ ಆಂಟಿವೈರಸ್ ವೇಷದಲ್ಲಿ ಕೂತಿತ್ತು. ಚೆಕ್ ಪಾಯಿಂಟ್ ಕಂಪನಿಯವರು ಅಂಥ ಆರು ಆ್ಯಪ್‌ಗಳನ್ನು ಪತ್ತೆ ಮಾಡಿದರು. ಭಯ ಬಿದ್ದು ರಕ್ಷಣೆ ಹುಡುಕಿಕೊಂಡು ಬಂದವರೇ ಗುರಿ. ಹಳೆಯ, ಹೆಸರಾಂತ ಕಂಪನಿಗಳದ್ದು ಬೇರೆ ಕಥೆ. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ತಾಣ ನೋಡುತ್ತಾರೆ ಅನ್ನೋ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಗಿ, 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ಕಟ್ಟಿಸಿಕೊಂಡಿತು. ಕಾವಲಿಗೆ ಅಂತ ಇಟ್ಟುಕೊಂಡವನು ಮನೆಯವರ ದಿನಚರಿ ಬರೆದು ಸಂತೆಯಲ್ಲಿ ಮಾರಿದ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಆಂಟಿವೈರಸ್ಸೂ ಮೋಸ ಅಲ್ಲ. ಅದೇ 2019ರ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವೂ ಇದ್ದವು. ಒಳ್ಳೆಯದೊಂದು ಇದ್ದರೆ, ಈಗಾಗಲೇ ಹೆಸರು ಕೆಡಿಸಿಕೊಂಡ ಎಪಿಕೆಯನ್ನು ಹಾಕಿಕೊಳ್ಳಲು ಹೊರಟಾಗ ತಡೆಯಬಹುದು, ಮೋಸದ ಕೊಂಡಿ ಒತ್ತಿದಾಗ ಎಚ್ಚರಿಸಬಹುದು. ಆದರೆ ಅಷ್ಟು ಕೆಲಸ ಮಾಡುವವನು ನಿಮ್ಮ ಫೋನಿನಲ್ಲಿ ಈಗಾಗಲೇ ಬಿಟ್ಟಿ ಇದ್ದಾನೆ. ಪ್ಲೇ ಪ್ರೊಟೆಕ್ಟ್ ಅಂತ ಹೆಸರು, 2017ರಿಂದ ಇದೆ. ಪ್ಲೇ ಸ್ಟೋರಿನ ಜೊತೆಗೇ ಬರುತ್ತದೆ, ಬೇರೆ ಇಳಿಸಿಕೊಳ್ಳಬೇಕಿಲ್ಲ. ಹೊರಗಿನಿಂದ ಬಂದ, ಹಿಂದೆಂದೂ ನೋಡಿರದ ಆ್ಯಪ್‌ನ ಕೋಡನ್ನು ಅಲ್ಲೇ ಪರೀಕ್ಷಿಸುವ ಸೌಲಭ್ಯವನ್ನು 2023ರ ಅಕ್ಟೋಬರಿನಲ್ಲಿ ಗೂಗಲ್ ಮೊದಲು ಬಿಡುಗಡೆ ಮಾಡಿದ್ದೇ ಭಾರತದಲ್ಲಿ. ಯಾಕೆ ನಮ್ಮಲ್ಲೇ ಮೊದಲು ಅಂತ ನೀವೇ ಊಹಿಸಿಕೊಳ್ಳಿ. ಅದೂ ಪರಿಪೂರ್ಣ ಅಲ್ಲ, ಅದರ ಕಣ್ಣು ತಪ್ಪಿಸಿ ಬರುವವೂ ಇವೆ. ಆದರೆ ಒಂದು ಮಾತು. ಕಳ್ಳರು ಫೋನ್ ಮಾಡಿ 'ಮೊದಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಸಾರ್' ಅಂತ ಹೇಳಿಕೊಡುವುದುಂಟು. ಬೇರೆ ಆಂಟಿವೈರಸ್ ತೆಗೆಯಿರಿ ಅಂತ ಹೇಳಿದ್ದು ನಾನು ಇನ್ನೂ ಕೇಳಿಲ್ಲ. ಕಳ್ಳನಿಗೆ ಯಾವ ನಾಯಿಯ ಭಯ ಅಂತ ಇದರಲ್ಲೇ ಗೊತ್ತಾಗುತ್ತದೆ.

ಪೆಗಾಸಸ್ ವಿಷಯ ಎತ್ತುವವರು ಇರುತ್ತಾರೆ. 2019ರಲ್ಲಿ ವಾಟ್ಸಾಪಿಗೆ ಒಂದು ಮಿಸ್ಡ್ ಕಾಲ್ ಕೊಟ್ಟೇ ಫೋನಿನೊಳಗೆ ನುಗ್ಗಿದ್ದರು, ಏನನ್ನೂ ಒತ್ತಬೇಕಿರಲಿಲ್ಲ. ನಿಜ. ಅದು ಕೋಟಿಗಟ್ಟಲೆ ಖರ್ಚು ಮಾಡಿ ಆರಿಸಿದ ಕೆಲವರ ಮೇಲೆ ಬಿಡುವ ಅಸ್ತ್ರ, ಅದರ ಮುಂದೆ ಅಂಗಡಿಯ ಆಂಟಿವೈರಸ್ ಸೊಳ್ಳೆಬತ್ತಿ. ಅಂಥದ್ದಕ್ಕೆ ಫೋನ್ ಕಂಪನಿ ಕೊಡುವ ಅಪ್‌ಡೇಟೇ ಮದ್ದು.

ಅಪ್‌ಡೇಟ್ ಅಂದ ಮೇಲೆ ದೊಡ್ಡಪ್ಪನ ಫೋನಿನ ಕಥೆ ಹೇಳಲೇಬೇಕು. ಅವರದ್ದು ಕಡಿಮೆ ಬೆಲೆಯ 32 ಜಿಬಿ ಫೋನು. ಅದರಲ್ಲಿ ಮೊಮ್ಮಕ್ಕಳ ವಿಡಿಯೋ, ಮಾದಪ್ಪನ ಹಾಡು, ಸಾವಿರಾರು ಗುಡ್ ಮಾರ್ನಿಂಗ್ ಚಿತ್ರ, ಅಂಗಡಿಯವನು ಹಾಕಿದ ಆಂಟಿವೈರಸ್, ಆ ಆಂಟಿವೈರಸ್ ಜಾಹೀರಾತು ತೋರಿಸಿ ಹಾಕಿಸಿಕೊಂಡ ಒಂದು ಕ್ಲೀನರ್, ಒಂದು ಬ್ಯಾಟರಿ ಸೇವರ್. ಫೋನ್ ಅಪ್‌ಡೇಟ್ ಬಂದು ತಿಂಗಳುಗಳಾಗಿತ್ತು. 'ಜಾಗ ಇಲ್ಲ' ಅಂತ ಹೇಳಿ ಹೇಳಿ ಅದೂ ಸುಮ್ಮನಾಗಿತ್ತು. ಅಂದರೆ ರಕ್ಷಣೆಗೆ ಅಂತ ಹಾಕಿಸಿದ್ದೂ, ಅದು ಕರೆತಂದ ನೆಂಟರೂ ಸೇರಿ ನಿಜವಾದ ರಕ್ಷಣೆಗೆ ಜಾಗ ಇಲ್ಲದ ಹಾಗೆ ಮಾಡಿದ್ದವು! ಮೂರನ್ನೂ ಕಿತ್ತುಹಾಕಿದೆ. ಅಪ್‌ಡೇಟ್ ಇಳಿಯುವಷ್ಟು ನೆಟ್‌ವರ್ಕ್ ಮನೆಯೊಳಗೆ ಸಿಗಲಿಲ್ಲ, ಆಚೆ ಜಗಲಿಯ ಮೇಲೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕಾದೆವು. ದೊಡ್ಡಪ್ಪ ಪಕ್ಕದಲ್ಲಿ ಕೂತು ಶೇಕಡಾ ಎಷ್ಟಾಯ್ತು ಅಂತ ಕೇಳುತ್ತಲೇ ಇದ್ದರು. "ಐನೂರು ಕೊಟ್ಟು ಹಾಕ್ಸಿದ್ದ ತಗ್ದುಬುಟ್ಯಲ್ಲೊ, ನಾಳೆ ಏನಾರ ಆದ್ರೆ?" ಅಂತ ಅವರಿಗೆ ಒಳಗೊಳಗೇ ಅಳುಕು. ಅವರ ಭಯ ನ್ಯಾಯವಾದದ್ದೇ, ಪಕ್ಕದ ಮನೆಯಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದಾರೆ.

ಆಮೇಲೆ ಮಾಡಿದ ಕೆಲಸ ನಿಮಗೂ ಉಪಯೋಗಕ್ಕೆ ಬರಬಹುದು. ಸೆಟ್ಟಿಂಗ್ಸಿನಲ್ಲಿ ಆ್ಯಪ್ಸ್ ವಿಭಾಗಕ್ಕೆ ಹೋಗಿ ಸ್ಪೆಷಲ್ ಆ್ಯಪ್ ಆಕ್ಸೆಸ್, ಅದರೊಳಗೆ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಇರುತ್ತದೆ (ಫೋನಿನಿಂದ ಫೋನಿಗೆ ದಾರಿ ಸ್ವಲ್ಪ ಬೇರೆ, ಸಿಗದಿದ್ದರೆ ಸೆಟ್ಟಿಂಗ್ಸಿನ ಹುಡುಕಾಟದಲ್ಲಿ ಅನ್‌ನೋನ್ ಅಂತ ಹುಡುಕಿ). ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲವಕ್ಕೂ ಅನುಮತಿ ಇಲ್ಲ ಅಂತ ಮಾಡಿಬಿಡಿ. ವಾಟ್ಸಾಪಿನಲ್ಲಿ ಬಂದ ಎಪಿಕೆ ಒತ್ತಿದರೆ ಆಗ ಸಲೀಸಾಗಿ ಕೂರುವುದಿಲ್ಲ. ಹಾಗೇ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಗೊತ್ತಿಲ್ಲದ ಯಾವ ಆ್ಯಪ್ ಇದ್ದರೂ ತೆಗೆಯಿರಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲಿ ಅಂತ ಮಾಡಿದ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ಎಲ್ಲ ಕೋಣೆಗೂ ಮಾಸ್ಟರ್ ಕೀ. ಆದಾಯ ತೆರಿಗೆ ಇಲಾಖೆಯ ವೇಷದಲ್ಲಿ ಬಂದ ಡ್ರಿನಿಕ್ ಬಗ್ಗೆ 2021ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರದ ಸರ್ಟ್-ಇನ್ ಎಚ್ಚರಿಕೆ ಕೊಟ್ಟಾಗ 27ಕ್ಕೂ ಹೆಚ್ಚು ಬ್ಯಾಂಕುಗಳ ಗ್ರಾಹಕರು ಅದರ ಗುರಿಯಾಗಿದ್ದರು. ಅದರ ಮುಂದಿನ ಅವತಾರಗಳು ಕೇಳಿದ್ದು ಈ ಕೀಲಿಯನ್ನೇ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಆ ಪಕ್ಕದ ಮನೆಯವರ ವಿಷಯದಲ್ಲಿ ನನ್ನ ತಲೆ ಕೊರೆಯುತ್ತಿರುವುದು ಬೇರೆ. ಆವತ್ತು ಫೋನು ಅವರನ್ನು ಎಚ್ಚರಿಸಲಿಲ್ಲವೇ? ಎಚ್ಚರಿಸಿತು. ಅಪರಿಚಿತ ಮೂಲದ ಆ್ಯಪ್ ಇದು, ಅಪಾಯ ಆಗಬಹುದು ಅಂತ ಕೇಳಿತ್ತು. ಮೆಸೇಜ್ ಓದಲು ಬಿಡಲಾ ಅಂತಲೂ ಕೇಳಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲೋ ತಮಿಳಿನಲ್ಲೋ ಕೇಳಿದ್ದರೆ ಅವರು ಓದುತ್ತಿದ್ದರು, ಒಂದು ಕ್ಷಣ ನಿಲ್ಲುತ್ತಿದ್ದರು, ಮಗನಿಗೆ ಒಂದು ಫೋನ್ ಮಾಡುತ್ತಿದ್ದರು. ಆಂಡ್ರಾಯ್ಡಿನಲ್ಲಿ ಎರಡೂ ಭಾಷೆ ಇವೆ. ಅಂಗಡಿಯವನು ಫೋನ್ ಬಿಚ್ಚಿ ಮೊದಲ ಸಲ ಆನ್ ಮಾಡಿದಾಗ ಭಾಷೆ ಯಾವುದು ಅಂತ ಫೋನೇ ಕೇಳುತ್ತದೆ. ಇಂಗ್ಲಿಷ್ ಅಂತ ಒತ್ತಿದವನು ಅವನು. ಓದಲು ಬಾರದ ಎಚ್ಚರಿಕೆಗಳನ್ನು ಕೊಟ್ಟು, ಮೇಲೆ ಐನೂರು ರೂಪಾಯಿಯ ಹಸಿರು ಟಿಕ್ ಅಂಟಿಸಿ ಕಳಿಸಿದ.

ನಾನು ಆ ಫೋನನ್ನು ತಮಿಳಿಗೆ ಬದಲಿಸಿ ಕೊಟ್ಟೆ, ದೊಡ್ಡಪ್ಪನದ್ದನ್ನು ಕನ್ನಡಕ್ಕೆ. ದೊಡ್ಡಪ್ಪ ಮೊದಲು ಗೊಣಗಿದರು, ಎಲ್ಲಿ ಏನಿದೆ ಅಂತ ಚಿತ್ರ ನೋಡಿ ಅಭ್ಯಾಸ ಆದವರು. ಸಂಜೆ ಹೊತ್ತಿಗೆ ಒಂದೊಂದೇ ಓದಿಕೊಂಡು "ಓ, ಇದು ಇದ್ನ ಕೇಳ್ತಿತ್ತಾ!" ಅನ್ನುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ ಫೋನಿನ ಕನ್ನಡ ಕೆಲವು ಕಡೆ ನನಗೇ ಅರ್ಥವಾಗಲಿಲ್ಲ. ಯಾರೋ ಪದಕ್ಕೆ ಪದ ಇಟ್ಟು ಅನುವಾದ ಮಾಡಿದ ಹಾಗಿದೆ. ಎರಡು ಕಡೆ ನಾನೂ ಇಂಗ್ಲಿಷಿಗೆ ತಿರುಗಿಸಿ ನೋಡಬೇಕಾಯಿತು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಫೋನನ್ನು ಒಂದು ದಿನದ ಮಟ್ಟಿಗೆ ಕನ್ನಡಕ್ಕೆ ಬದಲಿಸಿ. ಗೊತ್ತಿಲ್ಲದ ಆ್ಯಪ್ ಹಾಕುವಾಗ ಬರುವ ಎಚ್ಚರಿಕೆ, ಎಸ್ಸೆಮ್ಮೆಸ್ ಅನುಮತಿ ಕೇಳುವ ಸಾಲು, ಆಕ್ಸೆಸಿಬಿಲಿಟಿ ಪರದೆ, ಈ ಮೂರು ಕಡೆ ಯಾವ ಕನ್ನಡ ಇದೆ ಅಂತ ನೋಡಿ ಇಲ್ಲಿ ಬರೆದು ತಿಳಿಸಿ, ಫೋನ್ ಯಾವ ಕಂಪನಿಯದ್ದು ಅಂತಲೂ ಹೇಳಿ. ಅದರ ಬದಲು ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ ಅಂತ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು. ಎಲ್ಲ ಒಟ್ಟು ಮಾಡಿ ಕಂಪನಿಯವರಿಗೆ ಕಳಿಸುವ ಕೆಲಸ ನನಗಿರಲಿ. ತಮಿಳು ಓದಲು ಬರುವ ಮಿತ್ರರು ಯಾರಾದರೂ ಇದ್ದರೆ ಅದನ್ನೂ ನೋಡಿ ಹೇಳಿ, ಗೋಪಿನಾಥಂನವರಿಗೆ ಬೇಕು.